ಅಪ್ಪ ದಾಟಿಸದ ಅರ್ಧ

ನಮ್ಮ ಮನೆಯಲ್ಲಿ ಒಂದು ಮಾತು ಬಹಳ ವರ್ಷ ಚಲಾವಣೆಯಲ್ಲಿತ್ತು: 'ದೊಡ್ಡವನ ತಲೆಗೆ ಓದು ಹತ್ತಲಿಲ್ಲ, ಚಿಕ್ಕವನಿಗೆ ಹತ್ತಿತು.' ದೊಡ್ಡವನು ನನ್ನಣ್ಣ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಗಣಿತದಲ್ಲಿ ಫೇಲಾಗಿ ಅಪ್ಪನ ದಿನಸಿ ಅಂಗಡಿಯಲ್ಲಿ ಕೂತ. ಚಿಕ್ಕವನು ನಾನು, ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕಳೆದ ತಿಂಗಳು ಊರಿಗೆ ಹೋದಾಗ ಅಣ್ಣನ ಮಗನ ಅಂಕಪಟ್ಟಿ ಬಂದಿತ್ತು. ಗಣಿತದಲ್ಲಿ ಅಂಕ ಕಡಿಮೆ. ಅಣ್ಣ ನಗುತ್ತಲೇ ಅಂದ, "ನನ್ನ ರಕ್ತ ಅಲ್ವೇನೋ, ಇನ್ನೇನು ಬರುತ್ತೆ?" ಹುಡುಗ ಅಲ್ಲೇ ಬಾಗಿಲ ಬಳಿ ನಿಂತಿದ್ದ.

ರಕ್ತದಿಂದ ಬಂದದ್ದೆಷ್ಟು, ಮನೆಯಿಂದ ಬಂದದ್ದೆಷ್ಟು? ಇದನ್ನು ಬಿಡಿಸುವುದು ಕಷ್ಟ, ಯಾಕೆಂದರೆ ಹೆತ್ತವರು ಎರಡನ್ನೂ ಕೊಡುತ್ತಾರೆ. ಓದಿನ ಹುಚ್ಚಿರುವ ತಾಯಿ ಮಗಳಿಗೆ ತನ್ನ ವಂಶವಾಹಿಗಳನ್ನೂ ಕೊಡುತ್ತಾಳೆ, ಪುಸ್ತಕಗಳಿರುವ ಮನೆಯನ್ನೂ ಕೊಡುತ್ತಾಳೆ. ಮಗಳು ಚೆನ್ನಾಗಿ ಓದಿದರೆ ಅದನ್ನು ಯಾವುದರ ಲೆಕ್ಕಕ್ಕೆ ಬರೆಯುವುದು?

2018ರಲ್ಲಿ ಅಗಸ್ಟೀನ್ ಕಾಂಗ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಐಸ್‌ಲ್ಯಾಂಡಿನ ಅಧ್ಯಯನ ಇದಕ್ಕೊಂದು ಜಾಣ ದಾರಿ ಹುಡುಕಿತು. ಪ್ರತಿಯೊಬ್ಬರಲ್ಲೂ ವಂಶವಾಹಿಗಳ ಎರಡೆರಡು ಪ್ರತಿಗಳಿರುತ್ತವೆ. ಮಗುವಿಗೆ ದಾಟುವುದು ಒಂದು, ಇನ್ನೊಂದು ಹೆತ್ತವರಲ್ಲೇ ಉಳಿಯುತ್ತದೆ. ಹಾಗೆ ಉಳಿದ ಅರ್ಧ ಮಗುವಿನ ದೇಹದಲ್ಲಿಲ್ಲ. ಆದರೂ ಅದು ಮಗುವಿನ ಓದಿನ ಜೊತೆ ತಾಳೆಯಾದರೆ, ಪ್ರಭಾವ ದೇಹದ ಹೊರಗಿನ ದಾರಿಯಿಂದ ಬಂದಿರಬೇಕು. 21,637 ಜನರ ಮಾಹಿತಿಯಲ್ಲಿ ಕಂಡದ್ದು ಅದೇ: ದಾಟದ ಅರ್ಧದ ಪರಿಣಾಮ, ದಾಟಿಬಂದ ಅರ್ಧದ ಪರಿಣಾಮದ ಸುಮಾರು 30 ಶೇಕಡಾದಷ್ಟಿತ್ತು. ದಾಟಿಬಂದ ಅರ್ಧದ ಲೆಕ್ಕದಲ್ಲೂ ಮನೆಯ ಪಾಲು ಬೆರೆತಿರುತ್ತದೆ. ಅದನ್ನು ಕಳೆದ ಮೇಲೆ ಉಳಿಯುವುದೇ ನೇರ ಪರಿಣಾಮ.

ಈ 30ನ್ನು ಪೂರ್ತಿಯಾಗಿ ಅಪ್ಪ ಅಮ್ಮಂದಿರ ಸಾಕಣೆಗೆ ಬರೆದುಬಿಡುವುದೂ ತಪ್ಪು. ಓದಿದವರು ಓದಿದವರನ್ನೇ ಮದುವೆಯಾದರೆ, ಒಂದೊಂದು ಸಮುದಾಯ ತನ್ನೊಳಗೇ ಸಂಬಂಧ ಬೆಳೆಸಿದರೆ ಲೆಕ್ಕ ಕಲಸಿಹೋಗುತ್ತದೆ. ತಲೆಮಾರುಗಳಿಂದ ಜಾತಿಯೊಳಗೇ ಮದುವೆಯಾಗುತ್ತಾ, ಜಮೀನು ಮತ್ತು ಅಕ್ಷರ ಎರಡನ್ನೂ ಜಾತಿಯ ಪ್ರಕಾರವೇ ಹಂಚಿಕೊಂಡ ನಮ್ಮ ನಾಡಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಇಲ್ಲಿ ಅನುಕೂಲವು ರಕ್ತದ ಜೊತೆಜೊತೆಗೇ ಪ್ರಯಾಣ ಮಾಡಿದೆ. ಅನುಕೂಲವನ್ನೇ ರಕ್ತ ಎಂದು ತಿಳಿಯುವುದು ನಮಗೆ ತೀರಾ ಸಲೀಸು.

ಇನ್ನೊಂದು ದಾರಿ ಒಡಹುಟ್ಟಿದವರನ್ನು ಹೋಲಿಸುವುದು. ಅಣ್ಣನಿಗೂ ನನಗೂ ಮನೆ ಒಂದೇ, ಅಪ್ಪ ಅಮ್ಮ ಒಬ್ಬರೇ. ಯಾವ ಪ್ರತಿ ಯಾರಿಗೆ ದಾಟಿತು ಎನ್ನುವುದು ಮಾತ್ರ ಲಾಟರಿ. 2022ರಲ್ಲಿ 1,78,086 ಒಡಹುಟ್ಟಿದವರ ಮೇಲೆ ನಡೆದ ಅಧ್ಯಯನದಲ್ಲಿ, ಓದಿಗೆ ಸಂಬಂಧಿಸಿದ ವಂಶವಾಹಿಗಳ ಪರಿಣಾಮ ಕುಟುಂಬದೊಳಗೆ ನೋಡಿದಾಗ ಬಹಳಷ್ಟು ಕುಗ್ಗಿತು. ಎತ್ತರದ ವಿಷಯದಲ್ಲಿ ಅಷ್ಟು ಕುಗ್ಗಲಿಲ್ಲ. ಎತ್ತರಕ್ಕಿಂತ ಓದಿಗೆ ಮನೆ ಮತ್ತು ಸುತ್ತಲಿನ ಬದುಕು ಹೆಚ್ಚು ಅಂಟಿಕೊಂಡಿವೆ.

ಹಾಗಾದರೆ ಉಳಿದ ನೇರ ಪರಿಣಾಮವಾದರೂ ಹಣೆಬರಹವೇ? ಅಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಕ್ರಿಸ್ಟೋಫರ್ ಜೆಂಕ್ಸ್ 1972ರಲ್ಲೇ ಒಂದು ಉದಾಹರಣೆ ಕೊಟ್ಟಿದ್ದರು. ಕೆಂಚು ಕೂದಲಿನ ಮಕ್ಕಳನ್ನು ಒಂದು ದೇಶ ಶಾಲೆಗೇ ಸೇರಿಸದಿದ್ದರೆ, ಕೆಂಚು ಕೂದಲಿನ ವಂಶವಾಹಿ ಓದು ಬಾರದಂತೆ ಮಾಡುತ್ತದೆ ಎಂದೇ ಲೆಕ್ಕ ಹೇಳುತ್ತದೆ. ಲಾಟರಿ ನೇರವಾದದ್ದು, ಅನ್ಯಾಯ ಮಾತ್ರ ನಮ್ಮದು.

ಇದನ್ನೆಲ್ಲ ಓದುವಾಗ ನನ್ನನ್ನು ಕಾಡಿದ್ದು ನನ್ನದೇ ಹೆಮ್ಮೆ. ನನಗೆ ಒಳ್ಳೆಯ ಚೀಟಿ ಬಂದಿದ್ದರೆ ಅದು ನಾನು ಸಂಪಾದಿಸಿದ್ದಲ್ಲ. ಮನೆಯಿಂದ ಬಂದದ್ದಂತೂ ಮೊದಲೇ ನನ್ನದಲ್ಲ. ಇನ್ನೂ ಒಂದು ಮಾತಿದೆ. ಒಂದೇ ಮನೆ ಎಂದೆ, ಆದರೆ ಅಣ್ಣ ಅಂಗಡಿಯಲ್ಲಿ ಕೂತದ್ದರಿಂದಲೇ ನಾನು ಪಿಯುಸಿಗೆ ಹಾಸ್ಟೆಲಿನಲ್ಲಿ ಕೂತು ಓದಿದೆ. ಆಗ ನನಗದು ಉಪಕಾರ ಅನ್ನಿಸಿರಲಿಲ್ಲ, ಸಹಜ ಅನ್ನಿಸಿತ್ತು. ನಾನು ಪಟ್ಟ ಶ್ರಮಕ್ಕೆ ಬೆಲೆಯಿಲ್ಲ ಎನ್ನುತ್ತಿಲ್ಲ. ಆ ಶ್ರಮದ ಹೆಸರಲ್ಲಿ ಅಣ್ಣನಿಗಿಂತ ಮೇಲೆ ಕೂರುವ ಹಕ್ಕು ನನಗಿಲ್ಲ, ಅಷ್ಟೇ.

ಅಣ್ಣನ ಮಾತಿಗೆ ಮತ್ತೆ ಬರುತ್ತೇನೆ. ಅವನ ಯಾವ ಅರ್ಧ ಮಗನಿಗೆ ದಾಟಿದೆ ಎಂದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಾದರೂ, ಸಾವಿರಾರು ಜನರ ಸರಾಸರಿಯಿಂದ ಬಾಗಿಲ ಬಳಿ ನಿಂತ ಒಬ್ಬ ಹುಡುಗನ ಭವಿಷ್ಯ ಹೇಳಲು ಬರುವುದಿಲ್ಲ. ಆದರೆ 'ನನ್ನ ರಕ್ತ' ಎಂಬ ಆ ಮಾತು ಮಾತ್ರ ಖಂಡಿತ ದಾಟಿತು. ರಕ್ತದ ಬಗ್ಗೆ ಆಡುವ ಮಾತೂ ಮನೆಯ ಪಾಲೇ. ವಂಶವಾಹಿಯನ್ನು ಆರಿಸಿ ಕೊಡಲಾರೆವು, ಮಾತನ್ನು ಆರಿಸಬಹುದು.

ಆ ರಾತ್ರಿ ಊಟವಾದ ಮೇಲೆ ಅಣ್ಣನಿಗೆ ಹೇಳಿದೆ, "ಅಣ್ಣಾ, ಅವನ ಮುಂದೆ ಹಾಗನ್ನಬೇಡ." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನೀವೆಲ್ಲ ನನಗೆ ಹೇಳಿದ್ದನ್ನೇ ಅಲ್ವಾ ನಾನು ಹೇಳಿದ್ದು?" ಅಂದ.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಭಾನುವಾರ ಬೆಳಿಗ್ಗೆ ಫೋನಿನಲ್ಲೇ ಹುಡುಗನಿಗೆ ಗಣಿತ ಹೇಳಿಕೊಡುತ್ತೇನೆ. ಅದು ಉತ್ತರವಲ್ಲ, ಬಾಕಿ ತೀರಿಸುವುದರ ಶುರು.