ಕೇಳದವರ ಪಾಲು

ನಮ್ಮ ಮನೆಯ ಕಾರು 2009ರ ಇಂಡಿಕಾ, ಡೀಸೆಲ್ ಗಾಡಿ. ಈ ಕಾರು ಮೊದಲು ಜನರೆದುರು ಬಂದದ್ದು 1998ರಲ್ಲಿ, ತಯಾರಿಕೆ ನಿಂತದ್ದು 2018ರಲ್ಲಿ. ತವರಿನ ಬಾಗಿಲು ಮುಚ್ಚಿದ ಮೇಲೂ ಗಟ್ಟಿಯಾಗಿ ಸಂಸಾರ ನಡೆಸುವ ಹೆಂಗಸಿನ ಹಾಗೆ ಅದು ನಮ್ಮ ಅಂಗಳದಲ್ಲಿ ನಿಂತಿದೆ. ಸಾಗರದಿಂದ ಮೂವತ್ತು ಕಿಲೋಮೀಟರ್ ಆಚೆಯ ಹೈಸ್ಕೂಲಿಗೆ ನಾನು ದಿನವೂ ಹೋಗಿಬರುವುದು ಅದರಲ್ಲೇ.

ಖಾಸಗಿ ಕಾರಿನ ನೋಂದಣಿಗೆ ಹದಿನೈದು ವರ್ಷದ ಆಯುಸ್ಸು. ಅದು ತುಂಬಿದ ಮೇಲೆ ಗಾಡಿಯನ್ನು ತಪಾಸಣೆಗೆ ಒಯ್ದು ಮತ್ತೆ ಐದು ವರ್ಷಕ್ಕೆ ಬರೆಸಿಕೊಳ್ಳಬೇಕು. 2024ರ ಫೆಬ್ರವರಿಯಲ್ಲಿ ನಮ್ಮ ಗಾಡಿಗೂ ಆ ಕಾಲ ಬಂತು. ತಪಾಸಣೆಗೆ ಮುಂಚೆ ಒಮ್ಮೆ ಎಲ್ಲ ನೋಡಿಸಿಬಿಡೋಣ ಎಂದು ಬಸ್‌ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಒಂದು ಸುತ್ತು ಓಡಿಸಿ ಬಂದವರೇ, “ಗೇರ್ ಆಯಿಲ್ ಯಾವಾಗ ಬದಲಿಸಿದ್ದು ಮೇಡಂ?” ಎಂದರು.

ಲೆಕ್ಕದ ವಿಷಯದಲ್ಲಿ ನನ್ನನ್ನು ಸೋಲಿಸುವುದು ಕಷ್ಟ. ಗಾಡಿಯದ್ದೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ತೆಗೆದು ನೋಡಿದೆ. ಇಂಜಿನ್ ಆಯಿಲ್ ಬದಲಿಸಿದ ತಾರೀಖು ಸಾಲಾಗಿ ಇತ್ತು. ಟೈರು, ಬ್ಯಾಟರಿ, ಫ್ಯಾನ್ ಬೆಲ್ಟ್, ಕೊನೆಗೆ ವೈಪರಿನ ರಬ್ಬರೂ ಇತ್ತು. ಗೇರ್ ಆಯಿಲ್ ಎಂಬ ಶಬ್ದವೇ ಇರಲಿಲ್ಲ. “ಅದನ್ನೂ ಬದಲಿಸಬೇಕಾ?” ಎಂದೆ.

ಅವರು ನಗಲಿಲ್ಲ. “ಬೆಳಗ್ಗೆ ಹೊತ್ತು ಎರಡನೇ ಗೇರು ಸಲೀಸಾಗಿ ಬೀಳಲ್ಲ, ಅಲ್ವಾ?”

“ಹೌದು. ಅದು ಇದರ ಸ್ವಭಾವ. ಒಂದು ಸಲ ನ್ಯೂಟ್ರಲ್‌ಗೆ ತಂದು, ಇನ್ನೊಂದು ಸಲ ಕ್ಲಚ್ ತುಳಿದರೆ ಬೀಳುತ್ತೆ.”

“ಸ್ವಭಾವ ಅಲ್ಲ ಮೇಡಂ. ಎಣ್ಣೆ.”

ಇಂಜಿನ್ನಿನ ಎಣ್ಣೆಯನ್ನು ಯಾರೂ ಮರೆಯುವುದಿಲ್ಲ, ಯಾಕೆಂದರೆ ಅದು ಮರೆಯಗೊಡುವುದಿಲ್ಲ. ಡೀಸೆಲ್ ಉರಿದ ಮಸಿ ಸೇರಿ ಬೇಗನೆ ಕಪ್ಪಾಗುತ್ತದೆ. ಅಳೆಯಲು ಒಂದು ಕಡ್ಡಿ ಇದೆ, ಒತ್ತಡ ಇಳಿದರೆ ಕಣ್ಣೆದುರು ಕೆಂಪು ದೀಪ ಹತ್ತುತ್ತದೆ. ಗೇರ್‌ಬಾಕ್ಸಿನ ಎಣ್ಣೆಗೆ ಇಂಥ ಸೌಭಾಗ್ಯವಿಲ್ಲ. ಅದು ಬೆಂಕಿಯ ಹತ್ತಿರ ಹೋಗುವುದಿಲ್ಲ, ಉರಿದು ಕಡಿಮೆಯಾಗುವುದಿಲ್ಲ. ಸೀಲು ಸೋರದಿದ್ದರೆ ಹಾಕಿದಷ್ಟೂ ಹಾಗೇ ಇರುತ್ತದೆ. ಸಾಮಾನ್ಯವಾಗಿ ಅದಕ್ಕೆ ಅಳೆಯುವ ಕಡ್ಡಿಯೂ ಇಲ್ಲ, ಎಚ್ಚರಿಸುವ ದೀಪವೂ ಇಲ್ಲ. ಸಣ್ಣ ಕಾರುಗಳಲ್ಲಿ ಹೆಚ್ಚೆಂದರೆ ಎರಡು ಲೀಟರಿನ ಆಸುಪಾಸು. ಅಷ್ಟರಲ್ಲೇ ಉಕ್ಕಿನ ಹಲ್ಲುಗಳು ಒಂದನ್ನೊಂದು ಉಜ್ಜುತ್ತ ಲಕ್ಷಗಟ್ಟಲೆ ಕಿಲೋಮೀಟರ್ ತಿರುಗುತ್ತವೆ. ಉಜ್ಜಿದ ಪುಡಿ ಎಣ್ಣೆಯಲ್ಲೇ ಉಳಿಯುತ್ತದೆ. ಕೆಲವು ತಯಾರಕರು ಈ ಎಣ್ಣೆಯನ್ನು ‘ಜೀವಮಾನಕ್ಕೆ ಒಮ್ಮೆ ತುಂಬಿದ್ದು’ ಎನ್ನುವುದೂ ಉಂಟು. ಜೀವಮಾನ ಎಂದರೆ ಯಾರ ಜೀವಮಾನ, ಎಷ್ಟು ವರ್ಷದ್ದು ಎಂದು ಕೇಳಿಕೊಳ್ಳಬೇಕಾದವರು ನಾವೇ.

ಗೇರ್ ಬದಲಿಸುವಾಗ ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗಗಳು ಒಂದಾಗಬೇಕು. ಅವಕ್ಕೆ ಮೊದಲು ಕೈಹಿಡಿದು ಒಂದೇ ಹೆಜ್ಜೆಗೆ ತರುವುದು ಒಂದು ಬಳೆ. ಹೆಚ್ಚಿನ ಹಳೆಯ ಗಾಡಿಗಳಲ್ಲಿ ಅದು ಹಿತ್ತಾಳೆಯಂಥ ಮೆದು ಲೋಹದ್ದು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಈ ಏರ್ಪಾಟು ಬರುವ ಮುಂಚೆ ಗೇರು ಹಾಕುವುದೆಂದರೆ ಎರಡೆರಡು ಸಲ ಕ್ಲಚ್ ತುಳಿಯುವ ಕಸರತ್ತಾಗಿತ್ತು. ನಾನು 2024ರಲ್ಲೂ ಆ ಕಸರತ್ತನ್ನೇ ಮಾಡುತ್ತಿದ್ದೆ. ಬಳೆ ಸವೆದು, ಎಣ್ಣೆ ಕೆಟ್ಟು, ಗಾಡಿ ದಿನವೂ ಕೊರಗುತ್ತಿತ್ತು. ನಾನು ಅದನ್ನು ಕೇಳಲಿಲ್ಲ ಎನ್ನುವಂತಿಲ್ಲ. ಕೇಳಿದೆ, ಅದರ ಪಕ್ಕದಿಂದ ದಾಟಿಹೋಗುವುದನ್ನು ಕಲಿತೆ, ಆಮೇಲೆ ಅದಕ್ಕೆ ಸ್ವಭಾವ ಎಂದು ಹೆಸರಿಟ್ಟೆ.

ಎಣ್ಣೆ ಬಿಸಿಯಿದ್ದರೆ ಸಲೀಸಾಗಿ ಇಳಿಯುತ್ತದೆಂದು ಮೇಸ್ತ್ರಿ ಗಾಡಿಯನ್ನು ಇನ್ನೊಮ್ಮೆ ಓಡಿಸಿ ತಂದು ಗುಂಡಿಯ ಮೇಲೆ ಸಮನಾಗಿ ನಿಲ್ಲಿಸಿದರು. ಕೆಳಗಿಳಿದ ಹುಡುಗ ಸ್ಪ್ಯಾನರನ್ನು ನೇರ ತಳದ ನಟ್ಟಿಗೆ ಹಾಕಿದ. ಮೇಸ್ತ್ರಿ ಗದರಿದರು. “ಲೋ, ಮೊದಲು ಮೇಲಿಂದು ಬಿಚ್ಚು. ಎಷ್ಟು ಸಲ ಹೇಳಬೇಕು?”

ನನಗೆ ಕುತೂಹಲವಾಯಿತು. ಗೇರ್‌ಬಾಕ್ಸಿಗೆ ಎರಡು ಬಾಯಿ. ತಳದ್ದು ಖಾಲಿ ಮಾಡುವುದಕ್ಕೆ, ಪಕ್ಕದಲ್ಲಿ ಮೇಲಿರುವುದು ತುಂಬುವುದಕ್ಕೆ. ವರ್ಷಗಟ್ಟಲೆ ಮುಟ್ಟದ ಮೇಲಿನ ನಟ್ಟು ತುಕ್ಕು ಹಿಡಿದು ಕೂತಿರಬಹುದು. ಅವಸರದಲ್ಲಿ ತಳದ್ದನ್ನು ಬಿಚ್ಚಿ ಎಣ್ಣೆಯೆಲ್ಲ ಇಳಿಸಿದ ಮೇಲೆ ಮೇಲಿನದು ಬಿಚ್ಚಲು ಬಾರದಿದ್ದರೆ? ಒಣ ಗೇರ್‌ಬಾಕ್ಸಿನ ಗಾಡಿಯನ್ನು ಅಲ್ಲಿಂದ ಅಲ್ಲಾಡಿಸುವಂತಿಲ್ಲ. “ತುಂಬೋ ದಾರಿ ಇದೆಯಾ ಅಂತ ನೋಡದೆ ಖಾಲಿ ಮಾಡಬಾರದು ಮೇಡಂ” ಎಂದರು ಮೇಸ್ತ್ರಿ.

ಎಣ್ಣೆ ಇಳಿಯಿತು. ಡಿಕಾಕ್ಷನ್ನಿನಷ್ಟು ಕಪ್ಪು. ತಳದ ನಟ್ಟಿನ ತುದಿಯಲ್ಲಿದ್ದ ಆಯಸ್ಕಾಂತಕ್ಕೆ ಕಾಡಿಗೆಯಂಥ ನುಣುಪಾದ ಕೆಸರು ಮೆತ್ತಿತ್ತು. ಅದು ಉಕ್ಕಿನ ಪುಡಿ. ಎಣ್ಣೆಯ ಮೇಲೆ ಮಿರಿಮಿರಿ ಹೊಳೆಯುತ್ತಿದ್ದುದು ಆಯಸ್ಕಾಂತಕ್ಕೆ ಸಿಗದ ಆ ಬಳೆಯ ಪುಡಿ. ನಾನು, “ಇಷ್ಟು ದಿನ ಉಪವಾಸ ಕೆಡವಿದ್ದೇನೆ, ಒಳ್ಳೆಯದೇ ಹಾಕಿ, ಅಂಗಡಿಯಲ್ಲಿ ಇರುವುದರಲ್ಲೆಲ್ಲ ಮೇಲಿನದು” ಎಂದು ಧಾರಾಳತನ ತೋರಿಸಿದೆ. ಅದೂ ತಪ್ಪಂತೆ. ಡಬ್ಬಿಯ ಮೇಲೆ ಜಿಎಲ್ 4, ಜಿಎಲ್ 5 ಎಂದು ಬರೆದಿರುತ್ತದೆ. ಐದು ದೊಡ್ಡದು ಎಂದು ಅದನ್ನು ಹಾಕಿದರೆ, ಭಾರೀ ಒತ್ತಡಕ್ಕೆಂದು ಅದರಲ್ಲಿ ಹೆಚ್ಚಾಗಿ ಬೆರೆಸಿದ ಗಂಧಕದ ಅಂಶ ಹಿತ್ತಾಳೆಯ ಬಳೆಯನ್ನೇ ತಿನ್ನಬಹುದು. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಯಾವುದು ಹೇಳಿದೆಯೋ ಅದೇ ಸರಿ. ಮೇಲಿನ ಬಾಯಿಯ ಅಂಚಿಗೆ ಬಂದು ತೊಟ್ಟಿಕ್ಕುವವರೆಗೆ ಜೇನುಬಣ್ಣದ ಹೊಸ ಎಣ್ಣೆ ಹಾಕಿ, ಹೊಸ ವಾಶರ್ ಕೊಟ್ಟು ಮುಚ್ಚಿದರು. ಎಲ್ಲ ಸೇರಿ ಒಂದು ಗಂಟೆಯ ಕೆಲಸ. ಹದಿನೈದು ವರ್ಷ ನನಗೆ ಆ ಒಂದು ಗಂಟೆ ಸಿಕ್ಕಿರಲಿಲ್ಲ.

ಮಾರನೆಯ ಬೆಳಗ್ಗೆ ಎರಡನೇ ಗೇರು ಮೊದಲಿಗಿಂತ ಎಷ್ಟೋ ಮೆತ್ತಗೆ ಬಿತ್ತು. ಪೂರ್ತಿ ಅಲ್ಲ. ಹೊಸ ಎಣ್ಣೆ ಇನ್ನಷ್ಟು ಸವೆಯದಂತೆ ತಡೆಯುತ್ತದೆ, ಸವೆದುಹೋದದ್ದನ್ನು ತಂದುಕೊಡುವುದಿಲ್ಲ.

ಇದರಿಂದ ನನಗೆ ಜ್ಞಾನೋದಯವೇ ಆಗಿಹೋಯಿತು ಎಂದುಕೊಂಡೆ. ಆ ರಾತ್ರಿ ಊಟಕ್ಕೆ ಕೂತಾಗ ಎಲ್ಲರಿಗೂ ಒಂದು ಉಪನ್ಯಾಸ ಕೊಟ್ಟೆ. “ನೋಡಿ, ಗಲಾಟೆ ಮಾಡುವವರನ್ನು ನಾವು ನೋಡಿಕೊಳ್ತೇವೆ. ಸುಮ್ಮನೆ ದುಡಿಯುವವರನ್ನು ಮರೀತೇವೆ. ಕೇಳದೆ ಇರೋದು ಅಂದರೆ ಬೇಡ ಅಂತ ಅರ್ಥ ಅಲ್ಲ” ಎಂದೆಲ್ಲ. ನನ್ನವರು ತಲೆಯಾಡಿಸಿದರು. ಭಾವನವರು, “ಚೆನ್ನಾಗಿ ಹೇಳಿದೆಯಮ್ಮ” ಎಂದರು. ಅಕ್ಕ, ಅಂದರೆ ನನ್ನ ಓರಗಿತ್ತಿ, ಬಿಸಿ ಸಾರಿನ ಪಾತ್ರೆ ಹಿಡಿದು ನಿಂತೇ ಇದ್ದರು. “ಇನ್ನೊಂದು ಸೌಟು ಹಾಕಲಾ?” ಎಂದರು. ನಾನು ತಟ್ಟೆ ಮುಂದೆ ಮಾಡಿದೆ.

ಈ ಚಿತ್ರ ಆಗ ನನ್ನ ಕಣ್ಣಿಗೆ ಬೀಳಲಿಲ್ಲ. ಬಿದ್ದದ್ದು ನಾಲ್ಕು ತಿಂಗಳ ಮೇಲೆ, ಜೂನ್ ತಿಂಗಳಲ್ಲಿ, ಅಕ್ಕ ಮಹಡಿಯ ಮೆಟ್ಟಿಲ ಮೇಲೆ ಒದ್ದೆ ಬಟ್ಟೆಯ ಬಕೆಟ್ ಸಮೇತ ಕುಸಿದು ಬಿದ್ದಾಗ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 6.8. ಹೆಂಗಸರಿಗೆ ಕನಿಷ್ಠ 12 ಇರಬೇಕಂತೆ. “ಎಷ್ಟು ದಿನದಿಂದ ಸುಸ್ತು?” ಎಂದು ಡಾಕ್ಟರಮ್ಮ ಕೇಳಿದರು. ಅಕ್ಕ ಯೋಚಿಸಿ, “ಸುಸ್ತು ಅಂತ ಏನಿಲ್ಲ ಡಾಕ್ಟ್ರೇ, ಎಲ್ಲರಿಗೂ ಹೀಗೇ ಆಗುತ್ತೆ ಅಂದ್ಕೊಂಡಿದ್ದೆ” ಎಂದರು. ಎರಡು ವರ್ಷದಿಂದ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿತ್ತಂತೆ. ನಲವತ್ತೆಂಟಾಯಿತು, ನಿಲ್ಲುವ ಕಾಲ, ಹೀಗೇ ಇರಬೇಕು ಎಂದು ಅವರಷ್ಟಕ್ಕೆ ತೀರ್ಮಾನಿಸಿದ್ದರು.

“ಹಸಿ ಅಕ್ಕಿ ತಿನ್ನುವ ಅಭ್ಯಾಸ ಇದೆಯೇ?” ಎಂದು ಡಾಕ್ಟರಮ್ಮ ಕೇಳಿದಾಗ ನನ್ನ ಎದೆ ಧಸಕ್ಕೆಂದಿತು. ಇತ್ತು. ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾವೆಲ್ಲ, “ಅಕ್ಕಿ ತಿಂದರೆ ಮದುವೆಯಲ್ಲಿ ಮಳೆ ಬರುತ್ತೆ ಅಂತಾರೆ, ನಿಮ್ಮ ಮದುವೆ ಆಗಿ ಇಪ್ಪತ್ತಾರು ವರ್ಷ ಆಯ್ತಲ್ಲ, ತಿನ್ನಿ” ಎಂದು ನಗುತ್ತಿದ್ದೆವು. ಕಬ್ಬಿಣದ ಅಂಶ ಇಳಿದಾಗ ಹಸಿ ಅಕ್ಕಿ, ಬಳಪ, ಮಣ್ಣು ತಿನ್ನಬೇಕೆನ್ನಿಸುವುದು ಉಂಟಂತೆ. ಮಹಡಿ ಹತ್ತುವಾಗ ಮಧ್ಯದ ಮೆಟ್ಟಿಲಲ್ಲಿ ಕೂತುಬಿಡುತ್ತಿದ್ದರು. ಅದನ್ನೂ ನಾವು ‘ಅಕ್ಕನ ಸ್ಟೇಷನ್’ ಎಂದು ಕರೆದಿದ್ದೆವು. ದೇಹ ಹೇಳುತ್ತಲೇ ಇತ್ತು. ನಾವು ಅದಕ್ಕೆ ತಮಾಷೆಯ ಹೆಸರಿಟ್ಟು ದಾಟಿ ಹೋಗುತ್ತಿದ್ದೆವು.

ಹೆಂಗಸನ್ನು ಗೇರ್‌ಬಾಕ್ಸಿಗೆ ಹೋಲಿಸುತ್ತಿದ್ದಾಳೆ ಎಂದು ಕೋಪ ಮಾಡಿಕೊಳ್ಳಬೇಡಿ. ಹೋಲಿಕೆ ಎಲ್ಲಿ ಮುರಿಯುತ್ತದೋ ಅಲ್ಲೇ ನನ್ನ ಪ್ರಶ್ನೆ ಇರುವುದು. ಯಂತ್ರಕ್ಕೆ ಬಾಯಿಲ್ಲ, ಅದರ ಮೌನಕ್ಕೆ ಜವಾಬ್ದಾರಿ ಪೂರ್ತಿ ನಮ್ಮದು. ಬಾಯಿದ್ದೂ ಹೇಳದವರ ವಿಷಯವೇನು? “ಒಂದು ಮಾತು ಹೇಳಬಾರದಿತ್ತೇ?” ಎಂದು ಆಸ್ಪತ್ರೆಯಲ್ಲಿ ಭಾವನವರು ಅಕ್ಕನನ್ನೇ ಗದರಿದರು. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಹಾಗೆ ಅಂದುಕೊಳ್ಳುವುದರಲ್ಲಿ ಒಂದು ಸುಖವಿದೆ, ತಪ್ಪು ಅವರದೇ ಆಗಿಬಿಡುತ್ತದೆ.

ಆಸ್ಪತ್ರೆಯ ಆ ರಾತ್ರಿ, ಎರಡನೆಯ ಬಾಟಲಿ ರಕ್ತ ತೊಟ್ಟುತೊಟ್ಟಾಗಿ ಇಳಿಯುತ್ತಿದ್ದಾಗ, ನಾನು ಅವರನ್ನು ಯಾವಾಗ ಏನು ಕೇಳಿದ್ದೆ ಎಂದು ನೆನಪು ಮಾಡಿಕೊಂಡೆ. ದಿನವೂ ಕೇಳಿದ್ದೆ. ಎಂಟು ಗಂಟೆಗೆ, ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಳ್ಳುತ್ತ, ಡಬ್ಬಿ ಚೀಲಕ್ಕಿಳಿಸುತ್ತ, “ಹುಷಾರಾಗಿದೀರಾ ಅಕ್ಕಾ?” ಎಂದು. ಅವರು “ಹೂಂ, ನನಗೇನು, ನೀನು ಹೊರಡು” ಎನ್ನುತ್ತಿದ್ದರು. ಒಂದು ದಿನ ಅವರು “ಇಲ್ಲ, ಹುಷಾರಿಲ್ಲ” ಎಂದಿದ್ದರೆ? ಅವತ್ತಿನ ಅಡಿಗೆ ಯಾರದು, ಮಾವನ ಔಷಧಿ ಯಾರದು, ನನ್ನ ಒಂಬತ್ತೂವರೆಯ ಪ್ರಾರ್ಥನೆಯ ಬೆಲ್ಲಿನ ಗತಿಯೇನು? ನನ್ನ ಬಳಿ ಉತ್ತರವಿರಲಿಲ್ಲ. ಇಲ್ಲ ಎಂದು ಅವರಿಗೆ ಗೊತ್ತಿತ್ತು. ತುಂಬುವ ಬಾಯಿ ತೆರೆಯದೆ ನಾನು ತಳದ ನಟ್ಟು ಬಿಚ್ಚಲು ಹೋಗುತ್ತಿದ್ದೆ. ಅವರು ಬುದ್ಧಿವಂತರು, ಬಿಚ್ಚಗೊಡಲಿಲ್ಲ.

ನಮ್ಮ ದೇಶದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹದಿನೈದರಿಂದ ನಲವತ್ತೊಂಬತ್ತರ ನಡುವಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಇವರೆಲ್ಲರ ಮನೆಗಳಲ್ಲೂ ‘ಹುಷಾರಾ’ ಎಂದು ಕೇಳುವವರು ಇದ್ದಾರು. ಕೇಳುವುದು ಸುಲಭ. ಉತ್ತರ ಬಂದರೆ ನಾನು ಏನನ್ನು ಬಿಟ್ಟುಕೊಡಲು ತಯಾರಿದ್ದೇನೆ ಎಂದು ಮೊದಲು ಲೆಕ್ಕ ಹಾಕಿಕೊಂಡು ಕೇಳುವುದು ಕಷ್ಟ. ಮೊದಲನೆಯದು ಸೌಜನ್ಯ. ಋಣ ತೀರುವುದು ಎರಡನೆಯದರಲ್ಲಿ ಎಂದು ನನಗೆ ಈಗ ತೋರುತ್ತದೆ. ಅದನ್ನೂ ಅವರು ಕೇಳಿದಾಗ ಅಲ್ಲ, ತಾರೀಖು ಬಂದಾಗ ಮಾಡಬೇಕು. ದೂರು ಬರಲಿ ಎಂದು ಕಾಯುವವರಿಗೆ ಸಿಗುವುದು ಪುಡಿ ತುಂಬಿದ ಎಣ್ಣೆ.

ಮನೆಗೆ ಬಂದ ಮೇಲೂ ನಮ್ಮ ಪ್ರೀತಿ ದಾರಿ ತಪ್ಪಿತು. ಕಬ್ಬಿಣದ ಮಾತ್ರೆಯನ್ನು ಬಿಸಿಬಿಸಿ ಕಾಫಿಯ ಜೊತೆ ಕೈಗಿಟ್ಟು ಉಪಚರಿಸಿದೆವು. ಕಾಫಿ ಕಬ್ಬಿಣವನ್ನು ಮೈಗೆ ಹಿಡಿಯಗೊಡುವುದಿಲ್ಲ, ನಿಂಬೆಹಣ್ಣಿನ ಪಾನಕದ ಜೊತೆ ಕೊಡಿ ಎಂದು ಡಾಕ್ಟರಮ್ಮ ಬೈದರು. ಕೊಡಬೇಕು ಎಂಬ ಉತ್ಸಾಹ ಸಾಲದು, ಅವರಿಗೆ ಏನು ಹಿಡಿಸುತ್ತದೆ ಎಂದು ತಿಳಿದು ಕೊಡಬೇಕು.

ಈಗ ಬೆಳಗಿನ ತಿಂಡಿ ನನ್ನವರದು, ಬಟ್ಟೆ ಒಣಗಿಸುವುದು ಭಾವನವರದು. ರುಚಿಯ ಬಗ್ಗೆ, ನೆರಿಗೆಯ ಬಗ್ಗೆ ನಾವು ಮಾತಾಡುವುದಿಲ್ಲ. ಗಾಡಿಯ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಅಕ್ಕನ ರಕ್ತ ಪರೀಕ್ಷೆಯ ತಾರೀಖುಗಳನ್ನು ಬರೆದಿಟ್ಟಿದ್ದೇನೆ. ಅದನ್ನು ನೋಡಿ ಅವರು, “ಏನೇ, ನನಗೂ ಕಿಲೋಮೀಟರ್ ಲೆಕ್ಕವೇ?” ಎಂದು ನಕ್ಕರು. ಹಿಮೋಗ್ಲೋಬಿನ್ ಹನ್ನೊಂದು ದಾಟಿದೆ. ಮೆಟ್ಟಿಲಿನ ಮಧ್ಯೆ ಈಗಲೂ ಒಮ್ಮೊಮ್ಮೆ ಕೂರುತ್ತಾರೆ. ಯಾಕೆಂದು ಕೇಳಿದರೆ, ಅಭ್ಯಾಸ ಎನ್ನುತ್ತಾರೆ. ಆ ಉತ್ತರವನ್ನು ನಾನು ಈಗ ಒಪ್ಪುವುದಿಲ್ಲ.

ಮೊನ್ನೆ ಟೈರಿನ ತಾರೀಖು ನೋಡಲೆಂದು ನೋಟ್‌ಬುಕ್ ತೆಗೆದೆ. ಕೊನೆಯ ಹಾಳೆಯಲ್ಲಿ ನಾನು ಬರೆದ ತಾರೀಖುಗಳ ಕೆಳಗೆ, ಅಕ್ಕನ ದುಂಡಗಿನ ಅಕ್ಷರದಲ್ಲಿ ಒಂದು ಸಾಲಿತ್ತು: ‘ಎಡ ಮಂಡಿ ನೋವು. ಮೂರು ವರ್ಷದಿಂದ.’

ಶನಿವಾರ ಮಧ್ಯಾಹ್ನ ನನಗೆ ಶಾಲೆಯಿಲ್ಲ. ಅವತ್ತೇ ಕರೆದುಕೊಂಡು ಹೋಗುತ್ತಿದ್ದೇನೆ.