ಏಳು ಪ್ರತಿಗಳ ಬಾಡಿಗೆ

ಪುಸ್ತಕ ಅಚ್ಚಾಗಿ ಬಂದ ವಾರ ನಾವು ಲೇಖಕರು ಬೇರೆಯೇ ಮನುಷ್ಯರಾಗಿರುತ್ತೇವೆ. ಅಂಗಡಿಗೆ ಹೋಗಿ, ನಮ್ಮದು ಎದುರಿನ ಕಪಾಟಿನಲ್ಲಿದೆಯೇ ಎಂದು ಕಣ್ಣಾಡಿಸುತ್ತೇವೆ. ಯಾರೂ ನೋಡದಿದ್ದರೆ ಹಿಂದಿದ್ದದ್ದನ್ನು ಮುಂದಕ್ಕೆ ತಂದಿಟ್ಟು ಬರುತ್ತೇವೆ. ಅದೇ ಅಂಗಡಿಯಲ್ಲಿ ಇನ್ನೊಬ್ಬರ ಪುಸ್ತಕವನ್ನು ಹಣ ಕೊಟ್ಟು ಕೊಂಡದ್ದು ಯಾವಾಗ ಎಂದು ಕೇಳಿದರೆ ತಬ್ಬಿಬ್ಬಾಗುತ್ತೇವೆ.

ಒಮ್ಮೆ ಅಂಗಡಿಯವರೊಬ್ಬರಿಗೆ ಹತ್ತು ಪ್ರತಿ ಕೊಟ್ಟಿದ್ದೆವು. ಮಾರಾಟವಾದ ಮೇಲೆ ಹಣ ಎಂಬ ಬಾಯಿಮಾತಿನ ಒಪ್ಪಂದ. ಆಗಾಗ ಫೋನ್ ಮಾಡಿ ಲೆಕ್ಕ ಕೇಳುತ್ತಿದ್ದೆವು, ಸ್ವರದಲ್ಲಿ ಅನುಮಾನವೂ ಇತ್ತು. ಎರಡು ವರ್ಷದ ನಂತರ ಅವರು ಮೂರು ಪ್ರತಿಯ ಹಣವನ್ನು ಎಣಿಸಿ ಕೊಟ್ಟರು. ಉಳಿದ ಏಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಒಪ್ಪಿಸಿದರು. ಒಂದಕ್ಕೂ ಧೂಳು ಹಿಡಿದಿರಲಿಲ್ಲ. ಆ ಏಳು ಪುಸ್ತಕ ಕೂತಿದ್ದ ಜಾಗಕ್ಕೆ ಎರಡು ವರ್ಷ ಬಾಡಿಗೆ ತೆತ್ತವರು ಅವರು ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು. ಅಮಾನತ್ತಿನ ಬಗ್ಗೆ ಬರೆಯುವವರು ನಾವು, ಅದನ್ನು ಕಾಪಾಡಿದವರು ಅವರು.

ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ಅಲೆದು ಮಾರಿದ್ದನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ಇಂದು ಆ ಹೊರೆ ಅಂಗಡಿಯವರ ತಲೆಯ ಮೇಲಿದೆ ಎಂಬುದನ್ನು ಮರೆಯುತ್ತೇವೆ. ಬರೆಯುವವನು ಮೇಲು, ಮಾರುವವನು ಬರೀ ವ್ಯಾಪಾರಿ ಎಂಬ ಭಾವನೆ ನಮ್ಮಲ್ಲಿ ಎಲ್ಲಿಂದ ಬಂತೋ! ಹತ್ತನೇ ಶತಮಾನದ ಬಗ್ದಾದಿನಲ್ಲಿ ಅರಬಿ ಗ್ರಂಥಗಳ ದೊಡ್ಡ ಸೂಚಿ 'ಅಲ್ ಫಿಹ್ರಿಸ್ತ್' ರಚಿಸಿದ ಇಬ್ನುನ್ನದೀಮ್ ಸ್ವತಃ ಪುಸ್ತಕ ವ್ಯಾಪಾರಿ. ಅವರಿಗೂ ಹಿಂದಿನ ಬಸ್ರಾದ ಅಲ್ ಜಾಹಿಝ್ ಪುಸ್ತಕದಂಗಡಿಗಳನ್ನು ಬಾಡಿಗೆಗೆ ಹಿಡಿದು ರಾತ್ರಿಯಿಡೀ ಓದುತ್ತಿದ್ದರಂತೆ. ಅಂಥ ದೊಡ್ಡ ಲೇಖಕ ಅಂಗಡಿಗೆ ಹೋದದ್ದು ಓದುಗನಾಗಿ.

ಗ್ರಂಥಾಲಯದ ವಿಷಯದಲ್ಲಿ ನಮ್ಮ ನಡತೆ ಇನ್ನೂ ಕೆಟ್ಟದು. ಅಲ್ಲಿಗೆ ಓದಲು ಹೋಗುವವರಿಗಿಂತ ಸಗಟು ಖರೀದಿಯ ಪಟ್ಟಿಯಲ್ಲಿ ಹೆಸರು ಬಂತೇ ಎಂದು ವಿಚಾರಿಸಲು ಹೋಗುವ ಲೇಖಕರೇ ಹೆಚ್ಚೇನೋ. ಪುಟದ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆಂದು ಪುಸ್ತಕವನ್ನು ಹಿಗ್ಗಿಸುವವರೂ, ಪರಿಚಿತರಿಂದ ಮೇಲಕ್ಕೆ ಮಾತು ಹಾಕಿಸುವವರೂ ಇದ್ದಾರೆ. ಕರ್ನಾಟಕದ ಗ್ರಂಥಾಲಯ ಕಾಯ್ದೆ 1965ರದು. ಅದರಂತೆ ಆಸ್ತಿ ತೆರಿಗೆಯೊಂದಿಗೆ ಜನರಿಂದ ಗ್ರಂಥಾಲಯ ಕರ ವಸೂಲಾಗುತ್ತದೆ. ಒಂದು ದಿನವೂ ವಾಚನಾಲಯದ ಮೆಟ್ಟಿಲು ಹತ್ತದವನೂ ಅದನ್ನು ತೆತ್ತಿರುತ್ತಾನೆ. ಓದುಗರು ಕೇಳದ ಪುಸ್ತಕವನ್ನು ವಶೀಲಿಯಿಂದ ಒಳಗೆ ತಳ್ಳಿದರೆ ಯಾರ ಹಕ್ಕನ್ನು ತಿಂದಂತಾಯಿತು? ಸರಕಾರದ ಹಣ ಎಂದು ಸಮಾಧಾನ ಹೇಳಿಕೊಳ್ಳುವುದು ಸುಲಭ. ಬಿಲ್ಲುಗಳು ತಡವಾಗಿ ಬರುತ್ತವೆ ಎಂಬ ನಮ್ಮ ದೂರು ನಿಜವೇ, ಆದರೆ ಅದು ಬೇರೆ ಮಾತು.

ಮೈಸೂರಿನ ರಾಜೀವನಗರದಲ್ಲಿ ಕೂಲಿ ಮಾಡಿ ಬದುಕುತ್ತಿದ್ದ ಸೈಯದ್ ಇಸಾಕ್ ಅವರು ತಮ್ಮ ಗಳಿಕೆಯಿಂದಲೇ ಒಂದು ಗ್ರಂಥಾಲಯ ನಡೆಸುತ್ತಿದ್ದರು. ಶಾಲೆಯ ಓದು ಅವರ ಪಾಲಿಗಿರಲಿಲ್ಲ. ಕಪಾಟುಗಳಲ್ಲಿ ಸುಮಾರು 11,000 ಪುಸ್ತಕಗಳಿದ್ದವು, ಹೆಚ್ಚಿನವು ಕನ್ನಡದವು. ಕುರ್‌ಆನ್, ಭಗವದ್ಗೀತೆ, ಬೈಬಲ್ ಒಟ್ಟಿಗಿದ್ದವು. ಯಾರು ಬೇಕಾದರೂ ಬಂದು ಓದಬಹುದಿತ್ತು. 2021ರ ಏಪ್ರಿಲ್‌ನಲ್ಲಿ ಅದು ಸುಟ್ಟು ಬೂದಿಯಾಯಿತು. ಆಮೇಲೆ ಹಣ, ಪುಸ್ತಕ ಕೊಡಲು ಎಲ್ಲೆಲ್ಲಿಂದಲೋ ಜನ ಮುಂದೆ ಬಂದರು. ನಾವೂ ಕಟ್ಟು ಕಟ್ಟಲು ಕೂತೆವು. ಆಗ ಕೈಗೆ ಮೊದಲು ಸಿಕ್ಕಿದ್ದು, ಹಳೆಯ ಪತ್ರಿಕೆಯಲ್ಲಿ ಸುತ್ತಿದ್ದ ಆ ಏಳು ಪ್ರತಿಗಳು. ಅಲ್ಲಿಗೆ ಬರುವವರು ಯಾವ ಪುಸ್ತಕ ಕೇಳುತ್ತಾರೆಂದು ನಮಗೆ ಗೊತ್ತಿರಲಿಲ್ಲ. ಬೆಂಕಿಗೆ ಮುಂಚಿನ ಅಷ್ಟೂ ವರ್ಷಗಳಲ್ಲಿ ಒಮ್ಮೆಯೂ ಹೋಗಿ ಕೇಳಿರಲಿಲ್ಲ.