ರೋಗಿಯನ್ನು ಎಬ್ಬಿಸುವದು ಪ್ರೀತಿಯೋ, ಕಾಠಿಣ್ಯವೋ?

ಮೊಣಕಾಲಿನ ಕೀಲನ್ನು ಬದಲಾಯಿಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದ ಒಬ್ಬ ವೃದ್ಧಳಿಗೆ ಇಬ್ಬರು ಸೊಸೆಯರಿದ್ದಾರೆಂದು ನೆನಸಿರಿ. ಹಿರೀ ಸೊಸೆಯು ಅತ್ತೆಯ ಮೊಣಕಾಲಿನ ಕೆಳಗೆ ಮೆತ್ತನೆಯ ದಿಂಬನ್ನಿಟ್ಟು, ಅನ್ನವನ್ನೂ ನೀರನ್ನೂ ಹಾಸಿಗೆಗೇ ತಂದುಕೊಟ್ಟು, "ಅತ್ತೇ, ನೀವು ಏಳಬೇಡಿರಿ, ನಾವಿದ್ದೇವಲ್ಲಾ" ಅನ್ನುತ್ತಾಳೆ. ಕಿರೀ ಸೊಸೆಯು ಆ ದಿಂಬನ್ನು ತೆಗೆದಿಟ್ಟು, ಅತ್ತೆಯು ಅಯ್ಯೋ ಎಂದು ನರಳಿದರೂ ಬಿಡದೆ, ದಿನಕ್ಕೆ ಮೂರಾವರ್ತಿ ಕಾಲನ್ನು ಮಡಿಸಿ ಚಾಚುವಂತೆಯೂ ಅಂಗಳದ ವರೆಗೆ ನಡೆಯುವಂತೆಯೂ ಮಾಡುತ್ತಾಳೆ. ಕೇರಿಯವರು ಹಿರಿಯಳನ್ನು ಹೊಗಳಿ ಕಿರಿಯಳನ್ನು ಕಲ್ಲುಮನಸ್ಸಿನವಳೆನ್ನುವರು. ಇವರಿಬ್ಬರಲ್ಲಿ ಅತ್ತೆಯನ್ನು ಹೆಚ್ಚಾಗಿ ಪ್ರೀತಿಸಿದವಳು ಯಾರು?

ತೀರ್ಪು ಹೇಳುವ ಮೊದಲು ಆ ಕಾಲಿನಲ್ಲಿ ನಡೆದದ್ದೇನೆಂದು ತಿಳುಕೊಳ್ಳಬೇಕು. ಕೀಲು ಸವೆದುಹೋದಾಗ ವೈದ್ಯರು ತೊಡೆಯೆಲುಬಿನ ಕೆಳತುದಿಯನ್ನೂ ಮೊಣಕಾಲಿನ ಕೆಳಗಣ ಎಲುಬಿನ ಮೇಲ್ತುದಿಯನ್ನೂ ಸ್ವಲ್ಪ ಕೊಯ್ದು, ಅವುಗಳ ಮೇಲೆ ಲೋಹದ ಹೊದಿಕೆಯನ್ನು ಕೂರಿಸಿ, ನಡುವೆ ಗಟ್ಟಿಯಾದ ಪ್ಲಾಸ್ಟಿಕ್ಕಿನ ತುಂಡನ್ನು ಇಡುತ್ತಾರೆ. ಈ ಕೆಲಸವು ಸಾಧಾರಣವಾಗಿ ಒಂದೆರಡು ತಾಸುಗಳಲ್ಲಿ ತೀರುವದು. ಉಳಿದದ್ದು ರೋಗಿಯ ಕೆಲಸ. ಅದು ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಯತಕ್ಕದ್ದು. ಗಾಯವು ಮಾಯುವಾಗ ಕೀಲಿನ ಸುತ್ತಲೂ ಹೊಸ ನಾರು ಕಟ್ಟುತ್ತದೆ. ಕಾಲನ್ನು ಆಡಿಸದಿದ್ದರೆ ಆ ನಾರು ಬಿಗಿದು ಕೀಲನ್ನು ಹಿಡಿದುಬಿಡುವದು. ತೊಡೆಯ ಮುಂಭಾಗದ ಸ್ನಾಯುವು ಸೊರಗುವದು. ದಿಂಬಿನ ಮೇಲೆ ಬಾಗಿಕೊಂಡೇ ಇದ್ದ ಕಾಲು ಮುಂದೆ ಪೂರ್ತಿಯಾಗಿ ನೆಟ್ಟಗಾಗದೆ ಉಳಿಯಬಹುದು. ಆದಕಾರಣವೇ ಆಸ್ಪತ್ರೆಗಳಲ್ಲಿ ಅದೇ ದಿನ ಇಲ್ಲವೆ ಮರುದಿನ ವಾಕರನ್ನು ಕೈಗೆ ಕೊಟ್ಟು ನಿಲ್ಲಿಸುತ್ತಾರೆ. ಮೊದಲಿನ ಕೆಲವು ವಾರಗಳಲ್ಲಿ ಕಾಲು ೯೦ ಡಿಗ್ರಿಯಷ್ಟು, ಅಂದರೆ ಕುರ್ಚಿಯ ಮೇಲೆ ಕೂತವನ ಕಾಲು ಮಡಿದಿರುವಷ್ಟು, ಮಡಿಯಬೇಕೆಂದು ಪ್ರಯಾಸಪಡುತ್ತಾರೆ. ಸುಮಾರು ೬ ವಾರಗಳಲ್ಲಿ ಅನೇಕರು ಮನೆಯ ಸಣ್ಣ ಕೆಲಸಗಳಿಗೆ ಹಿಂದಿರುಗುವರು. ಪೂರ್ಣ ಬಲ ಬರುವದಕ್ಕೆ ಒಂದು ವರುಷವೂ ಹಿಡಿಯಬಹುದು.

ಹೀಗಿರಲು ಹಿರೀ ಸೊಸೆಯ ಪ್ರೀತಿಯು ಸುಳ್ಳೆಂದು ನಾನು ಹೇಳುವದಿಲ್ಲ. ಆದರೆ ಅದರೊಳಗೆ ಬೇರೆ ಎರಡು ಸಂಗತಿಗಳು ಬೆರೆತಿರಬಹುದು. ಒಂದು, ಕೇರಿಯವರು ಏನನ್ನುವರೋ ಎಂಬ ಭಯ. ಇನ್ನೊಂದು ಹೆಚ್ಚು ಗುಪ್ತವಾದದ್ದು: ಮತ್ತೊಬ್ಬರ ನರಳಾಟವನ್ನು ಕೇಳುವದು ನಮ್ಮಿಂದಾಗದು, ಆದದರಿಂದ ಅವರನ್ನು ಸುಮ್ಮನೆ ಮಲಗಿಸುತ್ತೇವೆ. ಆಗ ನಾವು ಕನಿಕರಿಸಿದ್ದು ರೋಗಿಯನ್ನೋ, ನಮ್ಮ ಕಿವಿಗಳನ್ನೋ? ನೋಡಲಿಕ್ಕೆ ಬರುವ ನೆಂಟರೂ ಇದರಲ್ಲಿ ಪಾಲುಗಾರರೇ. ಬಾಳೆಹಣ್ಣಿನ ಜೊತೆಗೆ ಬುದ್ಧಿವಾದವನ್ನೂ ತಂದು, ನಡಿಸಬೇಡಿರಿ, ಗಾಯದ ಮೇಲೆ ಎಣ್ಣೆ ತಿಕ್ಕಿರಿ ಎಂದು ಹೇಳಿ ಹೋಗುವರು. ಹಣ್ಣನ್ನು ಮಾತ್ರ ಇಟ್ಟುಕೊಂಡರೆ ಸಾಕು.

ವಿಶ್ವಾಸಿಗಳಲ್ಲಿ ಕೆಲವರು ಮತ್ತೊಂದು ಮಾತನ್ನು ಹೇಳುವದುಂಟು. ಸಭೆಯೆಲ್ಲಾ ಪ್ರಾರ್ಥಿಸಿದೆ, ಕರ್ತನೇ ಗುಣಪಡಿಸುವನು, ವ್ಯಾಯಾಮದ ಮೇಲೆ ಭರವಸವಿಡುವದು ಅಪನಂಬಿಕೆಯಲ್ಲವೇ ಎಂದು. ಆದರೆ ಹಿಜ್ಕೀಯನ ಪ್ರಾರ್ಥನೆಯನ್ನು ದೇವರು ಕೇಳಿ ಅವನ ಆಯುಷ್ಯಕ್ಕೆ ೧೫ ವರುಷಗಳನ್ನು ಕೂಡಿಸಿದ ಮೇಲೆಯೂ, ಯೆಶಾಯನು ಅವನ ಹುಣ್ಣಿಗೆ ಅಂಜೂರದ ಹಣ್ಣಿನ ಉಂಡೆಯನ್ನು ಕಟ್ಟಿಸಿದನು. ೩೮ ವರುಷ ರೋಗದಲ್ಲಿ ಬಿದ್ದಿದ್ದ ಬೇಥೆಸ್ದದ ಮನುಷ್ಯನನ್ನು ನಮ್ಮ ಕರ್ತನು ಎತ್ತಿಕೊಂಡು ಹೋಗದೆ, ಎದ್ದು ತನ್ನ ಹಾಸಿಗೆಯನ್ನು ತಾನೇ ಹೊರುವಂತೆ ಅಪ್ಪಣೆಕೊಟ್ಟನು. ದೇವಾಲಯದ ಬಾಗಲಲ್ಲಿದ್ದ ಕುಂಟನನ್ನು ಪೇತ್ರನು ಬಲಗೈ ಹಿಡಿದು ಎತ್ತಿದನೆಂದೂ ಆಗ ಅವನ ಕಾಲುಗಳು ಬಲಗೊಂಡವೆಂದೂ ಲೂಕನು ಬರೆಯುತ್ತಾನೆ. ಅವನು ವೈದ್ಯನಾದದರಿಂದಲೋ ಏನೋ ಹರಡುಗಳ ಸಂಗತಿಯನ್ನೂ ಬಿಡಲಿಲ್ಲ. ಅವು ಕ್ಷಣದಲ್ಲಿ ಆದ ಅದ್ಭುತಗಳು, ನಮಗಾಗುವದು ನಿಧಾನದ ಗುಣ, ನಿಜವೇ. ಆದರೂ ಎರಡು ಕಡೆಯಲ್ಲಿಯೂ ಏಳಬೇಕಾದವನು ಏಳದೆ ಇರಲಿಲ್ಲ.

ಇದಕ್ಕೆ ಹತ್ತಿರದ ಸಾಕ್ಷಿಯೂ ಉಂಟು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ತರುಣ ವೈದ್ಯೆಯಾಗಿದ್ದ ಮೇರಿ ವರ್ಗೀಸರು ೧೯೫೪ರಲ್ಲಿ ಮೋಟಾರು ಅಪಘಾತಕ್ಕೆ ಸಿಕ್ಕಿ, ಬೆನ್ನುಹುರಿಗೆ ಪೆಟ್ಟಾಗಿ, ಕಾಲುಗಳ ಸ್ವಾಧೀನವನ್ನು ಕಳಕೊಂಡರು. ಪಾಪ, ಇನ್ನು ವಿಶ್ರಮಿಸಿಕೊಳ್ಳಲಿ ಎಂದು ಬಿಟ್ಟುಬಿಡುವದು ಸುಲಭವಾಗಿತ್ತು. ಅಲ್ಲಿಯ ಶಸ್ತ್ರವೈದ್ಯರಾದ ಪಾಲ್ ಬ್ರಾಂಡರು ಹಾಗೆ ಮಾಡದೆ, ಕೂತುಕೊಂಡೇ ಶಸ್ತ್ರಚಿಕಿತ್ಸೆ ಮಾಡುವಂತೆ ಅವರನ್ನು ಪ್ರೇರಿಸಿದರು. ಆಕೆ ಗಾಲಿಕುರ್ಚಿಯಿಂದಲೇ ಕುಷ್ಠರೋಗಿಗಳ ಕೈಗಳನ್ನು ಸರಿಪಡಿಸಿದರು. ೧೯೬೬ರಲ್ಲಿ ವೆಲ್ಲೂರಿನಲ್ಲಿ ತೆರೆದ ಪುನರ್ವಸತಿ ಸಂಸ್ಥೆಗೆ ಮೂಲಕಾರಣರಾದರು. ಆಕೆಯ ಕಾಲುಗಳು ಗುಣವಾಗಲಿಲ್ಲವೆಂಬದನ್ನೂ ಮರೆಯಬಾರದು.

ಆದರೆ ಕಿರೀ ಸೊಸೆಗೂ ಒಂದು ಮಾತು. ರೋಗಿಯ ಕಾಲನ್ನು ತನ್ನ ಕೈಗಳಿಂದ ಒತ್ತಿ ಮಡಿಸುವ ಅಧಿಕಾರವು ಅವಳಿಗಿಲ್ಲ. ಆಸ್ಪತ್ರೆಯಲ್ಲಿ ಕಲಿಸಿಕೊಟ್ಟಷ್ಟನ್ನು ರೋಗಿಯು ತಾನೇ ಮಾಡುವಂತೆ ಪಕ್ಕದಲ್ಲಿ ನಿಲ್ಲುವದೇ ಅವಳ ಕೆಲಸ. ವೈದ್ಯರು ಕೊಟ್ಟ ನೋವಿನ ಗುಳಿಗೆಯನ್ನು ಅವರು ಹೇಳಿದ ಹೊತ್ತಿಗೆ ಕೊಡುವದು ಹೇಡಿತನವಲ್ಲ. ಮಡಿಸುವಾಗ ಬಿಗಿದು ಸ್ವಲ್ಪ ಹೊತ್ತಿನ ಮೇಲೆ ಇಳಿಯುವ ನೋವು ಬೇರೆ. ಮೀನಖಂಡವು ಬಾತು ನೋಯುವದು, ಜ್ವರ ಬರುವದು, ಗಾಯದಿಂದ ಕೀವು ಸೋರುವದು ಬೇರೆ. ಇವುಗಳಲ್ಲಿ ಯಾವದನ್ನು ಕಂಡರೂ ವ್ಯಾಯಾಮವನ್ನು ನಿಲ್ಲಿಸಿ ಅದೇ ದಿನ ವೈದ್ಯರಿಗೆ ತಿಳಿಸತಕ್ಕದ್ದು. ಫಕ್ಕನೆ ಎದೆನೋವು ಇಲ್ಲವೆ ಉಸಿರುಕಟ್ಟುವಿಕೆ ಉಂಟಾದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಕಡೆಯದಾಗಿ ಸಭೆಯ ಹಿರಿಯರಿಗೆ. ಏಳಬೇಡಿರಿ ಎಂದು ಮನೆಯಲ್ಲಿ ಹೇಳಿದವರೇ, ಅಂಥವರು ಪ್ರಾರ್ಥನಾಲಯಕ್ಕೆ ಬಂದು ಕುರ್ಚಿಯಲ್ಲಿ ಕೂತಾಗ, ಮೊಣಕಾಲೂರಲಿಲ್ಲವೆಂದು ಗುಣುಗುಟ್ಟುವದುಂಟು. ಕೀಲು ಬದಲಾದವರಲ್ಲಿ ಅನೇಕರಿಗೆ ಮೊಣಕಾಲೂರುವದು ಬಹುಕಾಲ ನೋವಿನದಾಗಿರುತ್ತದೆ. ನೆಲದ ಮೇಲೆ ಕೂಡ್ರುವದನ್ನೂ ಕುಕ್ಕರಿಸುವದನ್ನೂ ಸಾಮಾನ್ಯವಾಗಿ ವೈದ್ಯರು ಬೇಡವೆನ್ನುವರು. ದಾವೀದನು ದೇವರ ಸನ್ನಿಧಿಯಲ್ಲಿ ಕೂತು ಪ್ರಾರ್ಥಿಸಿದನು. ಸುಂಕದವನು ದೂರದಲ್ಲಿ ನಿಂತೇ ಪ್ರಾರ್ಥಿಸಿದನು. ಆದಕಾರಣ ಅಂಥವರಿಗಾಗಿ ಚಾಪೆಗಳ ಪಕ್ಕದಲ್ಲಿ, ಹಿಂದೆ ಬಾಗಲ ಬಳಿಯಲ್ಲಲ್ಲ, ಎಲ್ಲರ ಸಂಗಡ ಇರುವಂತೆ ಕುರ್ಚಿಯನ್ನು ಹಾಕಿಸಿರಿ; ಕರ್ತನ ಭೋಜನದ ರೊಟ್ಟಿಯನ್ನೂ ಪಾತ್ರೆಯನ್ನೂ ಅವರಿದ್ದಲ್ಲಿಗೇ ಒಯ್ಯುವಂತೆ ಅಯ್ಯನವರನ್ನು ಕೇಳಿಕೊಳ್ಳಿರಿ. ಕುರ್ಚಿಯು ಎತ್ತರವಾದದ್ದೂ ಕೈಗಳುಳ್ಳದ್ದೂ ಆಗಿರಲಿ, ಯಾಕಂದರೆ ಕೀರ್ತನೆಗೆ ಏಳುವಾಗ ಅವರು ಕೈಯೂರಬೇಕಾಗುತ್ತದೆ.